ಆಕಸ್ಮಿಕವೆಂಬ ಮಾತಿನ ವಿಚಾರ

ಶಿವಗಣಾರಾಧನೆಯ ಕಾಗದಗಳಲ್ಲಿ ಒಂದು ವಾಕ್ಯವು ಮೇಲಿಂದ ಮೇಲೆ ಕಾಣಬರುತ್ತದೆ. “ನಮ್ಮ ಪೂಜ್ಯ ತಂದೆಯವರು ಇಂಥ ದಿನ ಆಕಸ್ಮಿಕವಾಗಿ ಲಿಂಗೈಕ್ಯರಾದರು” ಎಂಬುದೇ ಆ ವಾಕ್ಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಮುದ್ರಣಾಲಯಗಳಲ್ಲಿಯೂ ಇದರ ಪಡಿಯಚ್ಚು ಸಿದ್ಧವಾಗಿಯೇ ಇರುವಂತೆ ತೋರುತ್ತದೆ. ಹೆಸರು ತಿಥಿಗಳಷ್ಟೇ ಬದಲಾಗುತ್ತವೆ. ದುಃಖದಲ್ಲಿರುವ ಮನೆಯವರು ಬರೆಯಿಸಿದ ಮಾತಿನಲ್ಲಿ ತಪ್ಪು ಹುಡುಕುವುದು ಸೌಜನ್ಯವಲ್ಲ. ಆದರೂ ಈ ವಾಕ್ಯದಲ್ಲಿ ಅಕ್ಕಪಕ್ಕದಲ್ಲಿ ಕುಳಿತ ಎರಡು ಪದಗಳು ಒಂದಕ್ಕೊಂದು ಬೆನ್ನು ಮಾಡಿ ಕುಳಿತಿವೆ. ಐಕ್ಯವೆಂಬುದು ಷಟ್‌ಸ್ಥಲಗಳಲ್ಲಿ ಕಡೆಯದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ನೆಲೆಗಳನ್ನು ಏರಿದವನಿಗೆ ಲಭಿಸತಕ್ಕ ಸ್ಥಿತಿ ಅದು; ದಾರಿಯಲ್ಲಿ ಕಾಣದೆ ಎಡವಿ ಬೀಳುವ ಹೊಂಡವಲ್ಲ. ಹಾಗಿರುವಲ್ಲಿ ಆಕಸ್ಮಿಕವಾಗಿ ಐಕ್ಯವಾಗುವುದೆಂದರೆ ಏನು? ಇದನ್ನು ತಿಳಿಯಬೇಕಾದರೆ ಮೊದಲು ‘ಆಕಸ್ಮಿಕ’ವೆಂಬ ಪದವು ಎಲ್ಲಿಂದ ಬಂದಿತು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿಚಾರಿಸಬೇಕು.

ಸಂಸ್ಕೃತದಲ್ಲಿ ‘ಕಿಮ್’ ಎಂಬ ಪ್ರಶ್ನಾರ್ಥಕ ಸರ್ವನಾಮದ ಪಂಚಮೀ ಏಕವಚನವು ‘ಕಸ್ಮಾತ್’ ಎಂದಾಗುತ್ತದೆ. ‘ಏತರಿಂದ, ಯಾವ ಕಾರಣದಿಂದ’ ಎಂದು ಇದರ ಅರ್ಥ. ಇದಕ್ಕೆ ನಿಷೇಧಾರ್ಥದ ಅಕಾರವು ಸೇರಿ ‘ಅಕಸ್ಮಾತ್’ ಎಂಬ ಅವ್ಯಯವಾಯಿತು. ಪಾಣಿನಿಯ ವ್ಯಾಕರಣದ ವಿನಯಾದಿ ಗಣದಲ್ಲಿ ಈ ಅವ್ಯಯವೂ ಪಠಿತವಾಗಿದೆ. ಆ ಗಣದ ಪದಗಳಿಗೆ ಠಕ್ ಎಂಬ ಪ್ರತ್ಯಯವು ಬರುತ್ತದೆ; ಆಗ ಪದದ ಕಡೆಯ ‘ಆತ್’ ಭಾಗವು ಲೋಪಿಸಿ, ಮೊದಲ ಸ್ವರಕ್ಕೆ ವೃದ್ಧಿಯಾಗಿ ‘ಆಕಸ್ಮಿಕ’ವೆಂಬ ರೂಪವು ಸಿದ್ಧಿಸುತ್ತದೆ. ಆದಕಾರಣ ಅವ್ಯಯದಲ್ಲಿ ಮೊದಲಕ್ಷರವು ಹ್ರಸ್ವ, ವಿಶೇಷಣದಲ್ಲಿ ದೀರ್ಘ. ‘ಆಕಸ್ಮಾತ್’ ಎಂದು ಎಳೆಯುವುದೂ ‘ಅಕಸ್ಮಿಕ’ ಎಂದು ಮೊಟಕಿಸುವುದೂ ಎರಡೂ ಅಶುದ್ಧ. ‘ಅಕಸ್ಮಾತ್ತಾಗಿ’ ಎಂಬಲ್ಲಿ ಕೊನೆಯ ‘ಆಗಿ’ ಎಂಬುದು ವ್ಯಾಕರಣದ ದೃಷ್ಟಿಯಿಂದ ಹೆಚ್ಚಿನದು. ಅವ್ಯಯವು ತಾನೇ ಕ್ರಿಯೆಗೆ ಹತ್ತಿಕೊಳ್ಳಬಲ್ಲುದು. ಆದರೆ ಕನ್ನಡದ ನಾಲಗೆ ಅದನ್ನು ಒಪ್ಪಿಕೊಂಡು ಬಹುಕಾಲವಾಗಿದೆ. ನಾಲಗೆ ಒಪ್ಪಿದ್ದನ್ನು ಪಂಡಿತರು ಬಿಡಿಸಿದ ಉದಾಹರಣೆಗಳು ಕಡಿಮೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಪದದ ಒಡಲಿನಲ್ಲಿರುವುದು ಒಂದು ಪ್ರಶ್ನೆ. ‘ಏತರಿಂದ?’ ಎಂದು ಕೇಳಿ, ಉತ್ತರ ದೊರೆಯದೆ ಹಿಂದಿರುಗಿದವನ ಮಾತು ಇದು. ಉತ್ತರವು ದೊರೆಯಲಿಲ್ಲವೆಂಬುದು ಒಂದು, ಉತ್ತರವೇ ಇಲ್ಲವೆಂಬುದು ಇನ್ನೊಂದು. ನ್ಯಾಯಶಾಸ್ತ್ರದ ಉದಯನಾಚಾರ್ಯನು ತನ್ನ ನ್ಯಾಯಕುಸುಮಾಂಜಲಿಯ ಆರಂಭದಲ್ಲಿಯೇ ಈ ಮಾತನ್ನು ಹಿಡಿದು ಬಿಡಿಸಿದ್ದಾನೆ. ‘ಅಕಸ್ಮಾತ್ ಆಗುತ್ತದೆ’ ಎಂದರೆ ಕಾರಣವಿಲ್ಲದೆ ಆಗುತ್ತದೆ ಎಂದೋ, ಆಗುವುದೇ ಇಲ್ಲವೆಂದೋ, ತನ್ನಿಂದ ತಾನೇ ಆಗುತ್ತದೆ ಎಂದೋ, ಇಲ್ಲದ ವಸ್ತುವಿನಿಂದ ಆಗುತ್ತದೆ ಎಂದೋ, ಸ್ವಭಾವದಿಂದ ಆಗುತ್ತದೆ ಎಂದೋ, ಹೀಗೆ ಐದು ಬಗೆಯಾಗಿ ಅರ್ಥ ಮಾಡಿ ಐದನ್ನೂ ತಳ್ಳಿಹಾಕುತ್ತಾನೆ. ಪ್ರತಿಯೊಂದು ಕಾರ್ಯವೂ ಒಂದು ಎಲ್ಲೆಯಲ್ಲಿ, ಒಂದು ಹೊತ್ತಿನಲ್ಲಿ ಮಾತ್ರ ತೋರುವುದರಿಂದ ಅದಕ್ಕೆ ನಿಯತವಾದ ಕಾರಣವು ಇದ್ದೇ ತೀರಬೇಕೆಂಬುದು ಅವನ ಯುಕ್ತಿ. ಗೃಹಸ್ಥರಿಗೆ ಈ ತರ್ಕದ ತೊಡಕು ಬೇಡ. ಒಂದಿಷ್ಟನ್ನು ಮಾತ್ರ ಹಿಡಿದರೆ ಸಾಕು: ಆಕಸ್ಮಿಕವೆಂಬುದು ನಡೆದ ಸಂಗತಿಯ ಗುಣವಲ್ಲ, ಅದನ್ನು ನೋಡಿದವನ ಅರಿವಿನ ಮಿತಿ.

ಲೋಕದ ಬಳಕೆಯೂ ಇದನ್ನೇ ಸಾರುತ್ತದೆ. ಬಣವೆ ಸುಟ್ಟಾಗ, ಹತ್ತಿಯ ಗೋದಾಮು ಹೊತ್ತಿದಾಗ ಪತ್ರಿಕೆಯವರು ‘ಆಕಸ್ಮಿಕ ಬೆಂಕಿ’ ಎಂದು ಬರೆಯುತ್ತಾರೆ. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿಯಿಟ್ಟಾಗ ಅದನ್ನು ಯಾರೂ ಆಕಸ್ಮಿಕ ಬೆಂಕಿಯೆನ್ನಲಿಲ್ಲ. ಎರಡೂ ಬೆಂಕಿಯೇ, ಎಲ್ಲಿಂದ ಬಂದಿತೆಂಬುದು ಒಂದರಲ್ಲಿ ತಿಳಿಯದು, ಇನ್ನೊಂದರಲ್ಲಿ ತಿಳಿದಿತ್ತು. ಪದದ ಪ್ರಯೋಗವು ನಿಂತಿರುವುದು ಈ ಒಂದು ಕೂದಲೆಳೆಯ ಭೇದದ ಮೇಲೆ. ಇನ್ನು ‘ಅಕಸ್ಮಾತ್ ಮಳೆ ಬಂದರೆ’ ಎಂದು ಮುಂದಿನದಕ್ಕೆ ಹಚ್ಚಿ ಹೇಳುವುದು ಕನ್ನಡದಲ್ಲಿ ಬೆಳೆದ ಬಳಕೆ. ಇಲ್ಲಿ ‘ಒಂದು ವೇಳೆ’ ಎಂಬುದಷ್ಟೇ ಅರ್ಥ. ವಾರದ ಮೊದಲೇ ಅರ್ಜಿ ಬರೆದುಕೊಟ್ಟು ಮದುವೆಗೆ ಹೋಗಲೆಂದು ಪಡೆಯುವ ರಜೆಯನ್ನು ಆಕಸ್ಮಿಕ ರಜೆ ಎನ್ನುವವರೂ ಉಂಟು. ಆ ಪ್ರಯೋಗಕ್ಕೆ ಪಾಣಿನಿಯಲ್ಲಿ ಸಮಾಧಾನವಿಲ್ಲ.

ಈ ಸೀಮೆಯ ಆಡುಮಾತಿನಲ್ಲಿ ಇದೇ ಭಾವಕ್ಕೆ ಬೇರೆ ಪದಗಳಿವೆ. ‘ಒಮ್ಮಿಂದೊಮ್ಮೆ’ ಎನ್ನುತ್ತಾರೆ, ‘ಅಚಾನಕ’ ಎನ್ನುತ್ತಾರೆ, ‘ಏಕಾಏಕಿ’ ಎನ್ನುತ್ತಾರೆ. ಇವು ಮೂರೂ ವೇಗವನ್ನು ಹೇಳುವ ಪದಗಳು, ಕಾರಣದ ಗೊಡವೆಗೆ ಹೋಗುವುದಿಲ್ಲ, ಆದ್ದರಿಂದ ನಿರಪಾಯವಾದವು. ‘ನಸೀಬ’, ‘ಹಣೆಬರಹ’, ‘ಗ್ರಹಚಾರ’ ಎಂಬವು ಹಾಗಲ್ಲ. ಆಕಸ್ಮಿಕವೆಂಬುದು ‘ಕಾರಣ ತಿಳಿಯದು’ ಎಂದು ಸುಮ್ಮನಾದರೆ, ಇವು ತಿಳಿಯದ ಎಡೆಯಲ್ಲಿ ತಾವೇ ಕಾರಣವಾಗಿ ಕುಳಿತುಬಿಡುತ್ತವೆ. ಲಿಂಗವಂತನು ಹಣೆಬರಹವೆಂದು ನಿಟ್ಟುಸಿರಿಡುವಾಗ ಅವನಿಗೆ ತನ್ನ ದೀಕ್ಷೆಯೇ ಮರೆತಂತಾಗುತ್ತದೆ. ಶ್ರೀಗುರುವು ಮಸ್ತಕದ ಮೇಲೆ ಹಸ್ತವನ್ನಿರಿಸಿದಾಗ ಅಲ್ಲಿದ್ದ ದುರ್ಲಿಖಿತವು ತೊಡೆದುಹೋಗಿ ಆ ಹಣೆಯಲ್ಲಿ ಶ್ರೀವಿಭೂತಿ ನೆಲೆಗೊಂಡಿತೆಂಬುದು ಶರಣರ ನಿಲುವು. ತೊಡೆದ ಬರಹವನ್ನು ಮರಳಿ ಓದುವುದೆಂತು?

ಪದದ ಈ ಗೊಂದಲವು ಬರಿಯ ಭಾಷೆಯ ಮಾತಾಗಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಅದು ಮನೆಯೊಳಗೆ ಬಂದು ಮನುಷ್ಯರನ್ನು ನೋಯಿಸುತ್ತದೆ. ಬ್ಯಾಡಗಿಯ ಸುತ್ತಲಿನ ಒಂದು ಒಕ್ಕಲು ಮನೆಯನ್ನು ಭಾವಿಸಿಕೊಳ್ಳಬಹುದು. ಮಾಘಮಾಸದಲ್ಲಿ ಮಗನ ಮದುವೆಯಾಗಿದೆ. ಕಣದ ತುಂಬ ಮೆಣಸಿನಕಾಯಿ ಒಣಹಾಕಿದೆ. ಸೊಸೆ ಹೊಸ್ತಿಲು ದಾಟಿ ಬಂದ ಎಂಟನೆಯ ದಿನ ಸಂಜೆ ಮೋಡವಾಗಿ, ಇರುಳು ಅಕಾಲದ ಮಳೆ ಸುರಿದು, ಬೆಳಗಾಗುವಷ್ಟರಲ್ಲಿ ಕಾಯಿ ತೊಯ್ದು ಬಣ್ಣಗೆಟ್ಟಿದೆ. ಬಣ್ಣವೇ ಬ್ಯಾಡಗಿ ಕಾಯಿಯ ಬೆಲೆ. ಅತ್ತೆ ನೆರೆಮನೆಯವರ ಮುಂದೆ, “ನೋಡ್ರೆವ್ವಾ, ಈಕಿ ಕಾಲ್ಗುಣ” ಎನ್ನುತ್ತಾಳೆ. ಒಳಗೆ ರೊಟ್ಟಿ ಬಡಿಯುತ್ತಿರುವ ಹುಡುಗಿಗೆ ಆ ಮಾತು ಕೇಳಿಸುತ್ತದೆ. ಮಳೆ ಒಂದು ಇರುಳಿನದು, ಮಾತು ಒಂದು ಬಾಳಿನದು. ಮುಂದೆ ಎಮ್ಮೆ ಕರು ಹಾಕಿ ಸತ್ತರೂ, ಮಾವನಿಗೆ ಜ್ವರ ಬಂದರೂ ಅದೇ ಕಾಲಿನ ಲೆಕ್ಕಕ್ಕೆ ಜಮೆಯಾಗುತ್ತದೆ.

ಶಾಸ್ತ್ರಕಾರರು ಈ ಬಗೆಯ ತಪ್ಪಿಗೆ ಬಹು ಹಿಂದೆಯೇ ಹೆಸರಿಟ್ಟಿದ್ದಾರೆ. ಅದೇ ಕಾಕತಾಳೀಯ. ಕಾಗೆಯೊಂದು ಹಾರಿಬಂದು ತಾಳೆಯ ಮರದಡಿಗೆ ಸೇರುವುದು ಒಂದು ಸಂಗತಿ. ಹಣ್ಣಾದ ತಾಳೆಯ ಕಾಯಿ ತೊಟ್ಟು ಕಳಚಿ ಬೀಳುವುದು ಇನ್ನೊಂದು ಸಂಗತಿ. ಎರಡೂ ಒಂದೇ ಹೊತ್ತಿಗೆ ಕೂಡಿ ಕಾಗೆ ಸತ್ತಿತು. ಕಾಗೆ ಬಂದುದಕ್ಕೆ ಕಾರಣವುಂಟು, ಹಣ್ಣು ಬಿದ್ದುದಕ್ಕೆ ಕಾರಣವುಂಟು. ಒಂದು ಇನ್ನೊಂದಕ್ಕೆ ಕಾರಣವಲ್ಲ. ಕತ್ತಿಯ ಕೆಳಗೆ ತಾನಾಗಿ ಬಂದ ಆಡಿನ ಅಜಾಕೃಪಾಣೀಯ, ಕುರುಡನ ಕೈಗೆ ಸಿಕ್ಕಿದ ಲಾವಕ್ಕಿಯ ಅಂಧಕವರ್ತಕೀಯ ಎಂಬವೂ ಇದೇ ಸಾಲಿನ ಮಾತುಗಳು. ಹುಳು ಕೊರೆದ ಗೆರೆ ಅಕ್ಷರದಂತೆ ಕಂಡರೆ ಅದು ಘುಣಾಕ್ಷರ. ಹುಳುವು ಓದು ಬಲ್ಲುದೆಂದು ಯಾರೂ ಹೇಳುವುದಿಲ್ಲ. ಸೊಸೆ ಬಂದುದಕ್ಕೆ ಎರಡು ಮನೆಯವರ ಒಪ್ಪಿಗೆ ಕಾರಣ, ಮಳೆ ಬಂದುದಕ್ಕೆ ಮೋಡ ಕಾರಣ. ಆ ಇರುಳು ಊರಿನ ಎಲ್ಲ ಕಣಗಳಲ್ಲಿಯೂ ಕಾಯಿ ತೊಯ್ದಿತ್ತಲ್ಲ, ಆ ಮನೆಗಳಿಗೆಲ್ಲ ಯಾವ ಸೊಸೆ ಕಾಲಿಟ್ಟಿದ್ದಳು?

ಇದರ ಮಗ್ಗುಲಿನ ಮಾತೊಂದಿದೆ, ಅದನ್ನು ಹೇಳುವವರು ವಿರಳ. ಅದೇ ಸೊಸೆ ಬಂದ ವಾರದಲ್ಲಿ ಕಾಯಿಗೆ ಒಳ್ಳೆಯ ದರ ಬಂದಿದ್ದರೆ ಆಕೆಯನ್ನು ‘ಲಕ್ಷ್ಮಿಯ ಕಾಲು’ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಗೆ ಹಿಗ್ಗಿದ ತವರುಮನೆಯವರು ಈ ತೆಗಳಿಕೆಯ ಅರ್ಧವನ್ನು ಆಗಲೇ ಒಪ್ಪಿಕೊಂಡಂತಾಯಿತು. ಒಳ್ಳೆಯ ಕಾಲ್ಗುಣವೆಂಬುದು ಇರುವತನಕ ಕೆಟ್ಟ ಕಾಲ್ಗುಣವೂ ಇರುತ್ತದೆ.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಸನ್ನಿಧಿಯಲ್ಲಿ ಮಹಾನವಮಿಯ ಹೊತ್ತಿಗೆ ಕಾರ್ಣಿಕವಾಗುತ್ತದೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ಮಾತನ್ನು ಕೇಳಲು ಸಾವಿರಾರು ಜನ ಒಕ್ಕಲಿಗರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮಳೆ ಹೇಗೆ, ಬೆಳೆ ಹೇಗೆ, ರಾಜ್ಯಭಾರ ಹೇಗೆ ಎಂಬುದನ್ನೆಲ್ಲ ಆ ಒಂದು ನುಡಿಯಿಂದ ತೆಗೆಯುತ್ತಾರೆ. ಭೂಮಿಯನ್ನು ನಂಬಿ ಬದುಕುವವರಿಗೆ ನಾಳೆಯ ಭಯವು ಸಹಜ. ಅದನ್ನು ಹಾಸ್ಯಮಾಡುವುದು ತರವಲ್ಲ. ಆದರೆ ವರುಷ ಮುಗಿದ ಮೇಲೆ ಮಳೆ ಬಂದರೂ ಆ ನುಡಿ ಸರಿಯಾಗಿತ್ತೆನ್ನುತ್ತಾರೆ, ಬಾರದಿದ್ದರೂ ಸರಿಯಾಗಿತ್ತೆನ್ನುತ್ತಾರೆ. ನಡೆದುಹೋದುದಕ್ಕೆ ನುಡಿಯನ್ನು ಹೊಂದಿಸಿಕೊಳ್ಳುವುದು ಅರ್ಥೈಸುವವರ ಜಾಣ್ಮೆ. ಅಲ್ಲಿಯೂ ಕಾಗೆ ಬೇರೆ, ತಾಳೆ ಬೇರೆ.

ಹಾಗಾದರೆ ಶರಣರು ಇಂತಹ ಸಂಗತಿಗಳನ್ನು ಹೇಗೆ ಎದುರುಗೊಂಡರು? ಬಸವಣ್ಣನವರು ಲಗ್ನ, ರಾಶಿಕೂಟ, ತಾರಾಬಲಗಳ ಎಣಿಕೆಯನ್ನು ಶಿವಭಕ್ತರ ಬಾಗಿಲಿನಿಂದ ಹೊರಗಿರಿಸಿದರು. ಕೇಳಬಂದವರಿಗೆ ಎಲ್ಲವೂ ಶುಭವೆಂದೇ ಹೇಳಿ ಕಳುಹಿಸಿರೆಂಬುದು ಅವರ ವಚನವೊಂದರ ಭಾವ. ಮತ್ತೊಂದೆಡೆ, ಮುಂದೆ ಬರತಕ್ಕುದು ಬೇಗನೆ ಬರಲಿ, ಅದಕ್ಕೆ ಅಂಜುವವರಾರೆಂದು ಎದೆಯೊಡ್ಡಿ ನಿಂತರು. ಆದರೆ ಅಪೇಕ್ಷಿಸದೆ ಬಂದ ಕೇಡನ್ನು ಎದುರಿಸುವುದಕ್ಕಿಂತ ಅಪೇಕ್ಷಿಸದೆ ಬಂದ ಲಾಭವನ್ನು ಎದುರಿಸುವುದು ಕಠಿನ. ಶರಣರ ದೊಡ್ಡ ಪಾಠವಿರುವುದು ಇಲ್ಲಿ.

ಆಯ್ದಕ್ಕಿ ಮಾರಯ್ಯನವರ ಕಾಯಕವೇ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದು. ಬಿದ್ದ ಕಾಳಿಗೆ ಒಡೆಯನಿಲ್ಲ. ಅದು ಎಷ್ಟು ಬಿದ್ದೀತೆಂಬ ಲೆಕ್ಕವೂ ಇಲ್ಲ. ಒಂದು ದಿನ ಎಂದಿಗಿಂತ ಹೆಚ್ಚಿನ ಅಕ್ಕಿ ದೊರೆಯಿತು. ಅವರು ಅದನ್ನೆಲ್ಲ ಮನೆಗೆ ತಂದರು. ‘ಅನಾಯಾಸವಾಗಿ ದೊರೆಯಿತು, ಶಿವನ ಕರುಣೆ’ ಎನ್ನಲು ಇದಕ್ಕಿಂತ ಒಳ್ಳೆಯ ಸಂದರ್ಭವುಂಟೆ? ಲಕ್ಕಮ್ಮನವರು ಹಾಗೆನ್ನಲಿಲ್ಲ. ಈ ಹೆಚ್ಚಿನ ಆಸೆ ಎಲ್ಲಿಂದ ಬಂದಿತೆಂದು ಕೇಳಿ, ಮಿಕ್ಕ ಅಕ್ಕಿಯನ್ನು ಅಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಅವರ ಪ್ರಶ್ನೆಯನ್ನು ಗಮನಿಸಬೇಕು. ಅಕ್ಕಿ ಎಲ್ಲಿಂದ ಬಂದಿತೆಂದು ಅವರು ಕೇಳಲಿಲ್ಲ, ಆಸೆ ಎಲ್ಲಿಂದ ಬಂದಿತೆಂದು ಕೇಳಿದರು. ಅಕ್ಕಿ ಬಿದ್ದುದು ಆಕಸ್ಮಿಕವಿರಬಹುದು, ಅದನ್ನು ಕಟ್ಟಿಕೊಂಡು ಬಂದ ಕೈಗೆ ಆ ಮಾತು ಸಲ್ಲದು. ‘ಕಸ್ಮಾತ್’ ಎಂಬ ಪ್ರಶ್ನೆಯನ್ನು ಹೊರಗಿನ ಸಂಗತಿಯಿಂದ ಒಳಗಿನ ಮನಸ್ಸಿಗೆ ತಿರುಗಿಸಿದ ಈ ತಾಯಿಯ ಬುದ್ಧಿ ಉದಯನಾಚಾರ್ಯನ ತರ್ಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆಯೆಂದರೆ ಅತಿಶಯೋಕ್ತಿಯಲ್ಲ. ಸತ್ಯಕ್ಕನವರಂತೂ ದಾರಿಯಲ್ಲಿ ಬಿದ್ದಿರುವ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟುವುದಿಲ್ಲವೆಂದು ಆಣೆಯಿಟ್ಟು ನುಡಿದರು. ಹಾವೇರಿಯ ಸಂತೆಯ ದಾರಿಯಲ್ಲಿ ಹಣದ ಚೀಲವೊಂದು ಕಾಲಿಗೆ ತಗಲಿದವನು ‘ದೇವರು ಕೊಟ್ಟ’ ಎನ್ನುವ ಮೊದಲು ಅದು ಯಾರ ಸೊಂಟದಿಂದ ಜಾರಿತೆಂದು ನೆನೆಯಬೇಕಾಗುತ್ತದೆ.

ಇಲ್ಲಿ ಭಕ್ತರಿಂದ ಒಂದು ಆಕ್ಷೇಪ ಬರಬಹುದು. ಬಂದುದೆಲ್ಲವನ್ನೂ ಪ್ರಸಾದವೆಂದು ಸ್ವೀಕರಿಸಬೇಕೆಂದು ಹೇಳುವವರೂ ಶರಣರೇ ಅಲ್ಲವೆ? ಹಾಗಿದ್ದರೆ ಸುಖವೂ ಪ್ರಸಾದ, ದುಃಖವೂ ಪ್ರಸಾದ. ಕಾರಣವನ್ನು ಹುಡುಕುವ ಗೋಜೇಕೆ? ತೊಯ್ದ ಕಾಯಿಯೂ ಪ್ರಸಾದವೆಂದು ಸುಮ್ಮನಿರಬಾರದೆ? ಆಕ್ಷೇಪವು ಯೋಗ್ಯವಾದುದೇ. ಆದರೆ ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಬಂದುದನ್ನು ಪ್ರಸಾದವೆಂದು ಕೊಳ್ಳತಕ್ಕ ಪ್ರಸಾದಿಗೆ ವಿಧಿಸಿರುವ ಭಕ್ತಿಯು ಅವಧಾನವೇ ಆಗಿದೆ. ಅವಧಾನವೆಂದರೆ ಎಚ್ಚರ. ಪದಾರ್ಥವನ್ನು ಆರಿಸಿ, ತೊಳೆದು, ಶುಚಿಮಾಡಿ ಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪ್ರಸಾದವಾಗುತ್ತದೆ. ಕಲ್ಲು ಕಸ ಆರಿಸದ ಅಕ್ಕಿಯನ್ನು ಬೇಯಿಸಿಟ್ಟು, ಹಲ್ಲಿಗೆ ಕಲ್ಲು ಸಿಕ್ಕಾಗ ‘ಪ್ರಸಾದ’ವೆಂದರೆ ಅದು ಭಕ್ತಿಯಲ್ಲ, ಮೈಗಳ್ಳತನ. ಸಂಜೆಗೆ ಮೋಡ ಕಂಡೂ ಕಣಕ್ಕೆ ತಾಡಪತ್ರಿ ಹೊದಿಸದೆ ಮಲಗಿದವನು ಬೆಳಿಗ್ಗೆ ಆಕಸ್ಮಿಕವೆನ್ನಬಾರದು, ಕಾಲ್ಗುಣವೆನ್ನಬಾರದು, ಪ್ರಸಾದವೆಂದೂ ಅನ್ನಬಾರದು. ಹೊದಿಸಿಯೂ ಗಾಳಿ ಕಿತ್ತೊಯ್ದಿದ್ದರೆ ಆಗ ಅವನು ಮೂರನೆಯ ಮಾತಿಗೆ ಅಧಿಕಾರಿ. ಅವಧಾನವು ಮುಗಿದ ಎಡೆಯಲ್ಲಿ ಪ್ರಸಾದಬುದ್ಧಿಯು ತೊಡಗುತ್ತದೆ, ಅದಕ್ಕೆ ಮೊದಲಲ್ಲ.

ರಾಣೆಬೆನ್ನೂರಿಗೆ ಸೇರಿದ ಚೌಡಯ್ಯದಾನಪುರವು ತುಂಗಭದ್ರೆಯ ದಂಡೆಯ ಮೇಲಿದೆ. ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಹೆಣೆದುಕೊಂಡ ಊರು ಅದು. ಆ ಹೊಳೆಯ ಅಂಬಿಗನು ನೀರಿನ ಬಣ್ಣ ಕೆಂಪಾದುದನ್ನು ಕಂಡರೆ ಮೇಲೆ ಮಲೆನಾಡಿನಲ್ಲಿ ಮಳೆಯಾಯಿತೆಂದು ಅರಿಯುತ್ತಾನೆ. ದಡದಲ್ಲಿ ನಿಂತ ಪ್ರಯಾಣಿಕನಿಗೆ ಹೊಳೆ ಒಮ್ಮಿಂದೊಮ್ಮೆ ಏರಿತು. ಅಂಬಿಗನಿಗೆ ಅದು ಏರುತ್ತ ಬಂದಿತು. ಒಂದೇ ಪ್ರವಾಹ ಒಬ್ಬನಿಗೆ ಆಕಸ್ಮಿಕ, ಇನ್ನೊಬ್ಬನಿಗೆ ಅಲ್ಲ. ಇಷ್ಟಾದರೂ ಬಲ್ಲ ಅಂಬಿಗನ ಹರಿಗೋಲೂ ಒಮ್ಮೊಮ್ಮೆ ಮಗುಚುವುದುಂಟು.

2024ರ ಜೂನ್ 28ರ ನಸುಕಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರ ವಾಹನವು ನಿಂತಿದ್ದ ಲಾರಿಗೆ ಬಡಿದು 13 ಜನ ಪ್ರಾಣ ಬಿಟ್ಟರು. ಭದ್ರಾವತಿ ತಾಲ್ಲೂಕಿನ ಎಮ್ಮೇಹಟ್ಟಿಯ ಜನ ಅವರು. ಇಂತಹ ಸುದ್ದಿ ಕೇಳಿದಾಗ ಎರಡು ಮಾತುಗಳು ಥಟ್ಟನೆ ನಾಲಗೆಗೆ ಬರುತ್ತವೆ. ‘ಎಲ್ಲ ಆಕಸ್ಮಿಕ, ಯಾರೇನು ಮಾಡಲಾದೀತು’ ಎಂಬುದು ಒಂದು. ‘ದೇವರಿಗೆ ಹೋಗಿ ಬರುವವರಿಗೇ ಹೀಗಾಯಿತೆಂದರೆ ಏನೋ ಕರ್ಮವಿರಬೇಕು’ ಎಂಬುದು ಇನ್ನೊಂದು. ಮೊದಲನೆಯ ಮಾತು ಎಚ್ಚರವನ್ನು ಕೊಲ್ಲುತ್ತದೆ. ಕತ್ತಲೆ, ವೇಗ, ನಿದ್ದೆ, ನಿಂತ ವಾಹನ ಎಂಬವು ಹೆದ್ದಾರಿಯ ಮೇಲೆ ಕಣ್ಣಿಗೆ ಕಾಣುವ ಕಾರಣಗಳು. ಅವುಗಳ ಮೇಲೆ ಒಂದು ಸಂಸ್ಕೃತ ಪದವನ್ನು ಹೊದಿಸಿ ಮುಚ್ಚಿದರೆ ಮುಂದಿನ ವಾಹನಕ್ಕೆ ಅವು ಹಾಗೆಯೇ ಕಾದಿರುತ್ತವೆ. ಎರಡನೆಯ ಮಾತು ಅದಕ್ಕಿಂತ ಕ್ರೂರವಾದುದು. ಸತ್ತವರ ಮೇಲೆ, ಬದುಕಿ ಉಳಿದ ಅವರ ಮಕ್ಕಳ ಮೇಲೆ, ಯಾರೂ ಕಾಣದ ಒಂದು ಅಪರಾಧವನ್ನು ಹೊರಿಸುತ್ತದೆ. ಕಾಲ್ಗುಣದ ಮಾತಿಗೂ ಇದಕ್ಕೂ ಕುಲವೊಂದೇ.

ಮರಣದ ಮನೆಗೆ ಹೋದಾಗ ಏನು ಮಾತಾಡಬೇಕೆಂಬುದು ಅನೇಕರಿಗೆ ತೋಚುವುದಿಲ್ಲ. ತೋಚದಿದ್ದಾಗ ಸುಮ್ಮನೆ ಕುಳಿತಿದ್ದು ಬರುವುದು ಒಳ್ಳೆಯದು. ಕಾರಣ ಹೇಳಹೋಗುವುದಕ್ಕಿಂತ ಆ ಹೊತ್ತಿನಲ್ಲಿ ಮನೆಯ ದನಕ್ಕೆ ನೀರು ಕುಡಿಸಿದರೆ, ಬಂದವರಿಗೆ ಎರಡು ರೊಟ್ಟಿಯ ವ್ಯವಸ್ಥೆ ಮಾಡಿದರೆ ಅದು ದಾಸೋಹವಾಗುತ್ತದೆ.

ಇನ್ನು ಮೊದಲು ಎತ್ತಿಕೊಂಡ ಕಾಗದದ ಮಾತು. ‘ಆಕಸ್ಮಿಕವಾಗಿ ಲಿಂಗೈಕ್ಯರಾದರು’ ಎಂಬಲ್ಲಿ ವಿಶೇಷಣವು ಹೋಗಿ ಹತ್ತಿಕೊಳ್ಳುವುದು ಲಿಂಗೈಕ್ಯರಾದ ಕ್ರಿಯೆಗೆ. ನಿತ್ಯವೂ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸಿದ ಹಿರಿಯನಿಗೆ ಲಿಂಗದಲ್ಲಿ ಬೆರೆಯುವುದು ಅರಿಯದೆ ಬಂದ ಸಂಗತಿಯಲ್ಲ. ಅದು ಅವರ ಬಾಳಿನ ದಾರಿಯೇ ಆಗಿತ್ತು. ಅರಿಯದೆ ಇದ್ದವರು, ಬೆಳಿಗ್ಗೆ ಹಾಲು ಕಾಸಿಟ್ಟು ಕರೆಯಲು ಹೋಗಿ ಬೆಚ್ಚಿಬಿದ್ದವರು, ಮನೆಯವರು. ಆದುದರಿಂದ ಆಕಸ್ಮಿಕವೆಂಬ ಪದವನ್ನು ಬಿಡಬೇಕಾದುದಿಲ್ಲ, ಅದನ್ನು ಅದರ ಒಡೆಯರ ಬಳಿಗೆ ಸರಿಸಬೇಕು. “ನಮ್ಮ ಪೂಜ್ಯ ತಂದೆಯವರು ಇಂಥ ದಿನ ಲಿಂಗೈಕ್ಯರಾದರು. ನಮಗೆ ಇದು ಆಕಸ್ಮಿಕವಾಗಿ ಒದಗಿದ ಅಗಲಿಕೆ” ಎಂದು ಎರಡು ವಾಕ್ಯಗಳಾಗಿ ಬರೆಯಿಸಬಹುದು. ಮುದ್ರಣಾಲಯದವರು ಒಂದು ಸಾಲು ಹೆಚ್ಚಾಯಿತೆನ್ನಬಹುದು. ಕಾಗದದ ಕೆಳಗೆ ಊಟದ ವೇಳೆಯನ್ನು ತುಸು ಸಣ್ಣ ಅಕ್ಷರದಲ್ಲಿ ಹಾಕಿದರೆ ಸ್ಥಳ ಸಾಕಾಗುತ್ತದೆ.